ಕಳೆದುಹೋದ ತಂಗಿಯನ್ನು ಹುಡುಕುವ ಹನ್ನೆರಡು ದಾರಿಗಳು

ಊರಿನ ಹೆಸರು ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಹೋದರೆ ವಾಪಸು ಬರುವುದು ಕಷ್ಟ. ಹಾಗಾಗಿ ಹೆಸರು ಬೇಡ. ಹೊಳೆಯ ಈಚೆ ದಡದಲ್ಲಿ ಒಂದು ಊರು, ಊರ ನಡುವೆ ಒಂದು ಕಲ್ಲಿನ ಮನೆ, ಆ ಮನೆಗೆ ಒಂದೇ ಕಿಟಕಿ, ಕಿಟಕಿಯ ಹಿಂದೆ ಕೆಂಪು ಪರದೆ, ಪರದೆಯ ಹಿಂದೆ ಒಂದು ಗಿಳಿ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಆ ಊರಿನ ಕಟ್ಟಳೆ ಒಂದೇ. ಯಾರಿಗೆ ಏನು ತಿಳಿಯಬೇಕಾದರೂ ಕಿಟಕಿಗೆ ಹೋಗಿ ಕೇಳಬೇಕು. ಒಳಗೆ ನೆಲದ ಮೇಲೆ ಊರಿನವರು ಬರೆದ ಓಲೆಗಳನ್ನೆಲ್ಲ ಸಾಲಾಗಿ ಹರಡಿಟ್ಟಿರುತ್ತಾರೆ. ಗಿಳಿ ಅವುಗಳ ಮೇಲೆ ನಡೆದು, ಒಂದನ್ನು ಕೊಕ್ಕಿನಲ್ಲಿ ಕಚ್ಚಿ ತರುತ್ತದೆ. ಗಿಳಿ ತಂದದ್ದೇ ಉತ್ತರ. ತರದೆ ಬಿಟ್ಟದ್ದು ಇದ್ದೂ ಇಲ್ಲ. ಪಕ್ಕದ ಮನೆಯವರನ್ನು ನೇರವಾಗಿ ಕೇಳುವುದು ಅಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ. ಕೇಳಿದರೆ, ಯಾಕೆ, ಕಿಟಕಿ ಮುಚ್ಚಿದೆಯಾ ಎಂದು ಮುಖ ಸಿಂಡರಿಸುತ್ತಾರೆ. ಮಗಳ ಮನೆಯ ಜಗುಲಿ ಮೇಲೆ ನಿಂತ ಅಪ್ಪನೊಬ್ಬ, ಇದೇ ಮಗಳ ಮನೆಯೋ ಅಲ್ಲವೋ ಎಂದು ಅನುಮಾನ ಬಂದು, ಬಾಗಿಲು ತಟ್ಟದೆ ಕಿಟಕಿಗೆ ಹೋಗಿ ಕೇಳಿಕೊಂಡು ಬಂದದ್ದುಂಟು. ಮಗಳು ಅಷ್ಟು ಹೊತ್ತೂ ಒಳಗೆ ಅವನಿಗಾಗಿಯೇ ರೊಟ್ಟಿ ತಟ್ಟುತ್ತ ಕೂತಿದ್ದಳು.

ಹೀಗಿರುವಾಗ ಬರೆಯುವವರಿಗೆ ಒಂದೇ ಯೋಚನೆ: ಗಿಳಿಗೆ ಏನು ಇಷ್ಟ? ಗಿಳಿಯನ್ನು ಕಂಡವರು ಯಾರೂ ಇಲ್ಲ. ಕಾಣದ್ದರ ಬಗ್ಗೆ ಮಾತಾಡುವವರು ಮಾತ್ರ ಬೇಕಾದಷ್ಟು ಜನ. ಹಾಗೆ ಮಾತಾಡುತ್ತ ಮಾತಾಡುತ್ತ ಹುಟ್ಟಿಕೊಂಡದ್ದೇ ಒಪ್ಪಗಾರರ ಬೀದಿ. ಯಾವ ಓಲೆಯೇ ಆಗಲಿ, ಕಲ್ಲಿನ ಮನೆಯೊಳಗೆ ಹೋಗುವ ಮುಂಚೆ ಆ ಬೀದಿಯಲ್ಲಿ ಒಪ್ಪ ಹಾಕಿಸಿಕೊಳ್ಳಬೇಕು. ಒಪ್ಪ ಹಾಕುವುದೆಂದರೆ ಗಿಳಿಯ ಕಣ್ಣಿಗೆ ಬೀಳುವ ಹಾಗೆ ತಿದ್ದುವುದು.

ಅದಕ್ಕೊಂದು ಶಾಸ್ತ್ರವೇ ಇತ್ತು. ಜನ ಕಿಟಕಿಯಲ್ಲಿ ಯಾವ ಮಾತು ಕೇಳುತ್ತಾರೋ ಆ ಮಾತು ಓಲೆಯ ಮೊದಲ ಸಾಲಿನಲ್ಲಿರಬೇಕು. ಅದೇ ಮಾತು ಒಟ್ಟು ಒಂಬತ್ತು ಸಲ ಬರಬೇಕು. ಎಂಟಾದರೆ ಗಿಳಿಗೆ ಸಾಲದು, ಹತ್ತಾದರೆ ಗಿಳಿಗೆ ಸಿಟ್ಟು. ನಡುನಡುವೆ ದಪ್ಪಕ್ಷರದ ತಲೆಬರಹ ಇರಬೇಕು. ಚಿತ್ರವಿದ್ದರೆ ಅದರ ಕೆಳಗೆ ಇದು ಇಂಥದ್ದರ ಚಿತ್ರ ಎಂದು ಬರೆಯಬೇಕು, ಗಿಳಿಗೆ ಚಿತ್ರ ಕಾಣುವುದಿಲ್ಲವಂತೆ. ಆಗಲೇ ಹೆಸರು ಮಾಡಿದ ನಾಲ್ಕು ಓಲೆಗಳಿಗೆ ಇದರಿಂದ ದಾರ ಕಟ್ಟಬೇಕು. ಎರಡು ಮೊಳಕ್ಕಿಂತ ಕಡಿಮೆಯಿದ್ದರೆ ಗಿಳಿ ಮೂಸಿಯೂ ನೋಡುವುದಿಲ್ಲ, ಆದ್ದರಿಂದ ಒಂದು ಸಾಲಿನಲ್ಲಿ ಮುಗಿಯುವುದನ್ನು ಎರಡು ಮೊಳಕ್ಕೆ ಎಳೆಯಬೇಕು.

ಹೀಗೆ ಎಳೆದದ್ದರಿಂದ ಆ ಊರಿನ ಅಡುಗೆಯೇ ಕೆಟ್ಟುಹೋಯಿತು. ಸಾರಿಗೆ ಉಪ್ಪು ಎಷ್ಟು ಎಂದು ಯಾವಳಾದರೂ ಕೇಳಿದರೆ ಗಿಳಿ ತರುವ ಓಲೆಯಲ್ಲಿ ಸಾರು ಎಂದರೇನು, ಸಾರು ಯಾರು ಉಣ್ಣುತ್ತಾರೆ, ಸಾರಿನಿಂದ ಬರುವ ಸುಖವೇನು ಎಂದೆಲ್ಲ ಮುಗಿದು ಉಪ್ಪಿನ ಮಾತು ಬರುವಷ್ಟರಲ್ಲಿ ಸಾರು ಉಕ್ಕಿ ಬೆಂಕಿ ಆರಿಹೋಗಿರುತ್ತಿತ್ತು. ಬರವಣಿಗೆಯ ಚಾಳಿ ಮಾತಿಗೂ ಅಂಟಿತು. ತಾಯಂದಿರು ಮಕ್ಕಳನ್ನು ಒಂಬತ್ತು ಸಲ ಊಟಕ್ಕೆ ಕರೆಯುತ್ತಿದ್ದರು. ಹೆಣದ ಮುಂದೆ ಅಳುವವರೂ ಒಂಬತ್ತು ಸಲ ಹೆಸರು ಹೇಳಿ ಅತ್ತು ಎದ್ದು ಹೋಗುತ್ತಿದ್ದರು. ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಆ ಬೀದಿಯಲ್ಲಿ ಎಲ್ಲರಿಗಿಂತ ಕೈ ಚುರುಕಿದ್ದವಳು ಒಬ್ಬ ಒಪ್ಪಗಾತಿ. ತಲೆ ಅರ್ಧ ನರೆತವಳು. ತುಂಬ ಚಿಕ್ಕವಳಿದ್ದಾಗ ಹೊಳೆಯ ಮೆಟ್ಟಿಲ ಹತ್ತಿರ ಒಬ್ಬಳೇ ಅಳುತ್ತ ನಿಂತಿದ್ದಳಂತೆ. ದೋಣಿ ಇಳಿದು ಬಂದ ಜನ ಸುತ್ತ ಹರಿದು ಹೋದರು. ಯಾರ ಮಗು ನೀನು ಎಂದು ಒಬ್ಬರೂ ಕೇಳಲಿಲ್ಲ, ನೇರ ಕೇಳುವುದು ಆ ಊರಿನ ಪದ್ಧತಿಯೇ ಅಲ್ಲವಲ್ಲ. ಒಬ್ಬ ಮುದಿ ಒಪ್ಪಗಾರ ಎತ್ತಿಕೊಂಡು ಬಂದು, ಮಗು ಸಿಕ್ಕಿದೆ ಎಂದು ಎರಡು ಮೊಳದ ಓಲೆ ಬರೆದು, ಚೆನ್ನಾಗಿ ಒಪ್ಪ ಹಾಕಿ ಒಳಗೆ ಕಳಿಸಿದ. ಅದನ್ನು ಓದಿಕೊಂಡು ಮಗುವನ್ನು ಹುಡುಕಿ ಯಾರೂ ಬರಲಿಲ್ಲ. ಅವನು ಒಂದು ಮಣೆ ಹಾಕಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡ. ಆ ಮಣೆಯಿಂದ ಅವಳು ಮತ್ತೆ ಎದ್ದದ್ದೇ ಇಲ್ಲ ಅನ್ನಬಹುದು. ಅವಳ ಹೆಸರೇನಿತ್ತೋ ಅವಳಿಗೂ ಮರೆತುಹೋಯಿತು.

ಈಗ ಅವಳು ಓಲೆಯ ಮೇಲೆ ಒಂದು ಸಲ ಕಣ್ಣಾಡಿಸಿದರೆ ಸಾಕು, ಯಾವ ಮಾತು ಎಷ್ಟು ಸಲ ಬಂದಿದೆ ಎಂದು ಹೇಳಿಬಿಡುತ್ತಿದ್ದಳು. ಏನು ಬರೆದಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಎಣಿಸುವುದೂ ಓದುವುದೂ ಎರಡೂ ಒಟ್ಟಿಗೆ ಆಗುವ ಕೆಲಸವಲ್ಲ ಎಂದು ಅವಳ ಗುರು ಮೊದಲ ದಿನವೇ ಹೇಳಿಕೊಟ್ಟಿದ್ದ. ಕಬ್ಬಿಣದ ಕಡ್ಡಿಯಲ್ಲಿ ಕೊರೆದ ಅಕ್ಷರಕ್ಕೆ ಮಸಿ ಉಜ್ಜಿ ಉಜ್ಜಿ ಬೀದಿಯವರೆಲ್ಲರ ಕೈ ಮೊಣಕೈ ದಾಟಿ ಕಪ್ಪಾಗಿರುತ್ತಿತ್ತು, ಅವಳದ್ದಂತೂ ತೋಳಿನವರೆಗೂ. ಬೇಡವೆಂದು ಕತ್ತರಿಸಿದ ಸಾಲುಗಳನ್ನು ಅವಳು ಮಣೆಯ ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದಳು. ಎಲ್ಲರ ಪಕ್ಕದಲ್ಲೂ ಅಂಥ ಒಂದೊಂದು ಬುಟ್ಟಿ ಇರುತ್ತಿತ್ತು.

ಒಂದು ಮಧ್ಯಾಹ್ನ ಅವಳ ಮಣೆಯ ಮುಂದೆ ಒಬ್ಬ ಮುದುಕಿ ಬಂದು ಕೂತಳು. ಗೇಣುದ್ದದ ಓಲೆಯೊಂದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಅವಳ ಕಥೆ ಇಷ್ಟು: ಹೊಳೆಯ ಮೇಲ್ಗಡೆ ಊರಿನವಳು. ತನಗೆ ಹದಿನಾಲ್ಕು, ತಂಗಿಗೆ ಐದು ಆಗಿದ್ದಾಗ ಇಬ್ಬರೂ ದೊಡ್ಡವರ ಜೊತೆ ದೋಣಿಯಲ್ಲಿ ಈ ಊರಿಗೆ ಬಂದಿದ್ದರು. ಮೆಟ್ಟಿಲ ಮೇಲೆ ಆಟವಾಡುತ್ತ ಅವಳು ಗಜ್ಜುಗದ ಬೀಜವನ್ನು ಕಲ್ಲಿಗೆ ಉಜ್ಜಿ, ಅದು ಕಾದ ಕೂಡಲೇ ತಂಗಿಯ ಎಡಗೈಗೆ ಚುರ್ರೆನ್ನುವ ಹಾಗೆ ಒತ್ತಿದಳು. ಮಕ್ಕಳು ಮಾಡುವುದೇ ಹಾಗೆ. ಆದರೆ ಆವತ್ತು ಒತ್ತಿದ್ದು ಹೆಚ್ಚಾಯಿತು, ಚರ್ಮ ಎದ್ದು ಬಂತು. ತಂಗಿ ಅಳುತ್ತ ಕೈ ಕೊಸರಿಕೊಂಡು ದೋಣಿ ಇಳಿಯುತ್ತಿದ್ದ ಜನರೊಳಗೆ ನುಗ್ಗಿದಳು. ಮುಗಿಯಿತು, ಮತ್ತೆ ಕಾಣಲಿಲ್ಲ. ದೊಡ್ಡವರು ಮೂರು ದಿನ ಹುಡುಕಿ ಅಳುತ್ತ ಊರಿಗೆ ಹೋದರು. ಇವಳು ಮದುವೆಯಾಗಿ, ಗಂಡ ಸತ್ತು, ಎಲ್ಲ ಮುಗಿದ ಮೇಲೆ ಇದೇ ಊರಿಗೆ ಬಂದು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದಳು. ನೇರ ಕೇಳಿದಲ್ಲೆಲ್ಲ ಬಾಗಿಲು ಹಾಕಿಸಿಕೊಂಡು, ಕೊನೆಗೆ ಓಲೆಗೆ ಬಂದಿದ್ದಳು.

ಓಲೆಯಲ್ಲಿ ಇದ್ದದ್ದು ಮೂರೇ ಸಾಲು. ಮುದುಕಿ ಅದನ್ನು ತಾನೇ ಓದಿ ಹೇಳಿದಳು.

"ಪುಟ್ಟೀ, ನಾನು ಗಜ್ಜುಗ ಉಜ್ಜಿ ಸುಟ್ಟ ಗುರುತು ಇನ್ನೂ ಇದೆಯೇನೇ? ಇನ್ನು ಯಾವತ್ತೂ ಸುಡೋದಿಲ್ಲ, ಬಾ. ನೀನು ಕೈ ಬಿಟ್ಟ ಮೆಟ್ಟಿಲ ಮೇಲೇ ದಿನಾ ಕೂತಿರ್ತೀನಿ."

ಓದಿ ತಲೆಯೆತ್ತಿದಳು. ಒಪ್ಪಗಾತಿ ಆಗಲೇ ಎಣಿಸಿ ಮುಗಿಸಿದ್ದಳು. ಯಾವ ಮಾತೂ ಎರಡನೇ ಸಲ ಬಂದಿಲ್ಲ. ತಲೆಬರಹ ಇಲ್ಲ. ಬೀದಿಯ ಬಾಯಲ್ಲಿ, ಜನ ಆ ವರ್ಷ ಕಿಟಕಿಯಲ್ಲಿ ಕೇಳಿದ ಮಾತುಗಳ ಪಟ್ಟಿಯನ್ನು ಗೋಡೆಗೆ ಬರೆದಿದ್ದರು. ಅದರಲ್ಲಿ ಗಜ್ಜುಗ ಇರಲೇ ಇಲ್ಲ. ಈ ವರ್ಷ ಗಜ್ಜುಗ ಅಂತ ಊರಲ್ಲಿ ಒಬ್ಬರೂ ಕೇಳಿಲ್ಲ ಅಜ್ಜಿ, ಇದನ್ನು ಇಟ್ಟುಕೊಂಡರೆ ಓಲೆ ಮುಳುಗಿತು ಅಂತಲೇ ಲೆಕ್ಕ ಎಂದು ಅವಳು ತಾಳ್ಮೆಯಿಂದಲೇ ತಿಳಿಸಿ ಹೇಳಿದಳು.

ಮುದುಕಿ ಅಷ್ಟು ದುಃಖದಲ್ಲೂ ನಕ್ಕಳು. ಅಜ್ಜಿ ಅನ್ನಬೇಡಮ್ಮ, ನಿನ್ನ ತಲೆಯೂ ನರೆತಿದೆ, ಅಕ್ಕ ಅನ್ನು ಎಂದಳು. ಓಲೆ ತಂದವರನ್ನು ಅಕ್ಕ ಅಣ್ಣ ಎಂದು ನೆಂಟಸ್ತಿಕೆ ಹಚ್ಚಿ ಕರೆದರೆ ಎಣಿಕೆ ತಪ್ಪುತ್ತದೆ, ಮುದುಕರು ಬಂದರೆ ಅಜ್ಜ ಅಜ್ಜಿ ಅಂದು ಮುಂದೆ ಸಾಗಬೇಕು ಎಂಬುದು ಬೀದಿಯ ಪದ್ಧತಿ. ಒಪ್ಪಗಾತಿ ಕತ್ತರಿ ಎತ್ತಿಕೊಂಡಳು.

"ಇದರಲ್ಲಿ ಏನೂ ಕತ್ತರಿಸಬೇಡ ತಾಯಿ," ಎಂದಳು ಮುದುಕಿ. "ಇದು ಅವಳೊಬ್ಬಳಿಗೆ ಗೊತ್ತಾಗೋ ಮಾತು."

"ಅವಳೊಬ್ಬಳಿಗೆ ಗೊತ್ತಾಗೋ ಮಾತನ್ನ ಗಿಳಿ ಯಾಕೆ ತರುತ್ತೆ ಅಜ್ಜಿ?"

ಅಕ್ಕಪಕ್ಕದ ಮಣೆಯವರೆಲ್ಲ ತಲೆದೂಗಿದರು. ಇಷ್ಟು ಜನ ಬಲ್ಲವರು ಒಂದೇ ಮಾತು ಹೇಳುವಾಗ ತನ್ನದೇ ತಪ್ಪಿರಬೇಕು ಅಂದುಕೊಂಡು ಮುದುಕಿ ಕೈಮುಗಿದು ಎದ್ದು ಹೋದಳು. ಒಪ್ಪಗಾತಿ ಮೂರು ಸಾಲನ್ನೂ ಕತ್ತರಿಸಿ ಬುಟ್ಟಿಗೆ ಹಾಕಿದಳು.

ಆಮೇಲೆ ಕೆಲಸಕ್ಕೆ ಕೂತಳು. ಗೋಡೆಯ ಪಟ್ಟಿಯಲ್ಲಿ 'ಕಳೆದುಹೋದ' ಎಂಬ ಮಾತು ಮೇಲಿಂದ ಎರಡನೆಯದು. ಸರಿ, 'ಕಳೆದುಹೋದ ತಂಗಿ' ಎಂದು ಹಿಡಿದಳು. ಎರಡು ಮೊಳ ತುಂಬಿಸಬೇಕಲ್ಲ, ಏನು ತುಂಬಿಸುವುದು? ಹಿಂದಿನ ವರ್ಷ ಅವಳೇ ಒಪ್ಪ ಹಾಕಿದ್ದ ಒಂದು ಓಲೆ ಗಿಳಿಗೆ ಬಹಳ ಹಿಡಿಸಿತ್ತು: ಕಳೆದುಹೋದ ಹಸುವನ್ನು ಹುಡುಕುವ ಹನ್ನೆರಡು ದಾರಿಗಳು. ಅದನ್ನೇ ತರಿಸಿ ಮುಂದಿಟ್ಟುಕೊಂಡು, ಹಸು ಇದ್ದಲ್ಲೆಲ್ಲ ತಂಗಿ ಎಂದು ಹಾಕುತ್ತ ಹೋದಳು. ಹೊತ್ತು ಮುಳುಗುವುದರೊಳಗೆ ಓಲೆ ಸಿದ್ಧ. ಮೇಲೆ ಯಾರದೋ ಮನೆಯ ಒಂದು ಹುಡುಗಿಯ ಚಿತ್ರ, ಕೆಳಗೆ 'ಇದು ಕಳೆದುಹೋದ ತಂಗಿಯ ಚಿತ್ರ'. ಒಂಬತ್ತು ಸಲ ಎಣಿಸಿ, ಬಟ್ಟೆಯಲ್ಲಿ ಸುತ್ತಿ, ಮೂರು ಸಲ ಹಣೆಗೆ ಮುಟ್ಟಿಸಿ ಕಲ್ಲಿನ ಮನೆಗೆ ಕಳಿಸಿದಳು.

ಗಿಳಿ ಅದನ್ನೇ ಕಚ್ಚಿತು. ಕಚ್ಚಿತು ಅಂದರೆ ಸಾಲದು, ಬೇರೆ ಓಲೆ ಮುಟ್ಟುವುದನ್ನೇ ಬಿಟ್ಟಿತು. ತಂಗಿ ಕಳೆದವರು ಓದಿದರು, ತಂಗಿ ಮನೆಯಲ್ಲೇ ಇದ್ದವರೂ ಓದಿದರು, ತಂಗಿಯೇ ಹುಟ್ಟದವರು ಓದಿ ಕಣ್ಣು ಒರೆಸಿಕೊಂಡರು. ಬೇರೆ ಒಪ್ಪಗಾರರು ಸುಮ್ಮನೆ ಕೂರುತ್ತಾರೆಯೇ, ಕಳೆದುಹೋದ ತಂಗಿಯನ್ನು ಹುಡುಕುವ ಹದಿಮೂರು ದಾರಿಗಳು, ಹದಿನಾಲ್ಕು ದಾರಿಗಳು ಎಂದು ಹೊರಡಿಸಿದರು. ಗಿಳಿ ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೀದಿಯ ಹಿರಿಯರು ಒಪ್ಪಗಾತಿಯನ್ನು ಎತ್ತರದ ಪೀಠದ ಮೇಲೆ ಕೂರಿಸಿ ಶಾಲು ಹೊದಿಸಿ, ಹಾರ ಹಾಕಿ, ಕೈಗೊಂದು ಹಣ್ಣಿನ ಬುಟ್ಟಿ ಕೊಟ್ಟರು. ಅವಳನ್ನು ಹೊಗಳಿದ ಮಾತನ್ನು ಒಂಬತ್ತು ಸಲ ಹೇಳಿದರು.

ಮುದುಕಿ ವಾರಕ್ಕೊಮ್ಮೆ ಬಂದು ಮಣೆಯ ಮುಂದೆ ನಿಲ್ಲುತ್ತಿದ್ದಳು. ಮೊದಲ ವಾರ, ಬಂದಳೇನಮ್ಮ ಎಂದು ಕೇಳಿದಳು. ಎರಡನೇ ವಾರವೂ ಅದೇ. ಒಪ್ಪಗಾತಿ ಉತ್ಸಾಹದಿಂದ ನಿಮ್ಮ ಓಲೆ ಎಲ್ಲಕ್ಕಿಂತ ಮೇಲಿದೆ, ಮೂರು ಸಾವಿರ ಜನ ಓದಿದ್ದಾರೆ ಎಂದಳು. ಮುದುಕಿಗೆ ಯಾಕೋ ಸಂತೋಷವಾದ ಹಾಗೆ ಕಾಣಲಿಲ್ಲ.

"ಅವಳು ಓದಿದಳಾ?"

ಒಪ್ಪಗಾತಿಗೆ ರೇಗಿತು. ಇಷ್ಟು ಮಾಡಿದರೂ ತೃಪ್ತಿಯಿಲ್ಲವಲ್ಲ ಈ ಜನಕ್ಕೆ ಎಂದುಕೊಂಡಳು. ಮೂರನೇ ವಾರ ಮುದುಕಿ ಬಂದಾಗ ಅವಳ ಕಾಲು ಊದಿತ್ತು. ಆ ಓಲೆಯಲ್ಲಿ ಗಜ್ಜುಗದ ಮಾತು ಇದೆಯಾ ಎಂದು ಮಾತ್ರ ಕೇಳಿದಳು. ಇಲ್ಲ, ಅದಿದ್ದಿದ್ದರೆ ಇಷ್ಟು ಮೇಲೆ ಬರುತ್ತಿರಲಿಲ್ಲ ಎಂದಳು ಒಪ್ಪಗಾತಿ. ಹಾಗಾದರೆ ನಾನೇನು ಮಾಡಲಿ ಎಂದು ಮುದುಕಿ ಕೇಳಿದಳು. ಕೈಯಲ್ಲಿದ್ದ ಎಣಿಕೆ ತಪ್ಪೀತು ಎಂಬ ಅವಸರದಲ್ಲಿ ಒಪ್ಪಗಾತಿ ತಲೆಯೆತ್ತಲಿಲ್ಲ. ನೀವೂ ಒಂದು ಸಲ ಓದಿ ಅಜ್ಜಿ, ಹನ್ನೆರಡು ದಾರಿ ಇದೆ ಅದರಲ್ಲಿ ಎಂದಳು.

ನಾಲ್ಕನೇ ವಾರ ಮುದುಕಿ ಬರಲಿಲ್ಲ, ಐದನೇ ವಾರವೂ ಬರಲಿಲ್ಲ. ಸಿಕ್ಕಿರಬೇಕು ಅಂದುಕೊಂಡಳು ಒಪ್ಪಗಾತಿ. ಆದರೂ ವಾರದ ಆ ಹೊತ್ತಿಗೆ ಬೀದಿಯ ತುದಿಯ ಕಡೆ ಅವಳ ಕಣ್ಣು ತಾನಾಗಿ ಹೋಗುತ್ತಿತ್ತು. ಇದೇನು ಹೊಸ ಚಾಳಿ ಎಂದು ತನ್ನನ್ನೇ ಗದರಿಕೊಂಡಳು.

ಆಮೇಲೆ ಒಂದು ಬೆಳಗ್ಗೆ ಗಿಳಿಯ ಮನಸ್ಸು ಬದಲಾಯಿತು. ವರ್ಷಕ್ಕೊಂದೆರಡು ಸಲ ಹಾಗಾಗುತ್ತದೆ. ನಿನ್ನೆವರೆಗೆ ಮೇಲಿದ್ದ ಓಲೆಗಳೆಲ್ಲ ಕೆಳಗೆ, ಯಾವುದೋ ಗೊತ್ತಿಲ್ಲದ ಓಲೆ ಮೇಲೆ. ಒಪ್ಪಗಾರರ ಬೀದಿಯಲ್ಲಿ ಕೂಗಾಟ. ಒಂಬತ್ತು ಅಲ್ಲವಂತೆ, ಇನ್ನು ಮೇಲೆ ಏಳಂತೆ ಎಂದು ಒಬ್ಬರು, ತಲೆಬರಹವನ್ನು ಪ್ರಶ್ನೆಯ ಹಾಗೆ ಬರೆಯಬೇಕಂತೆ ಎಂದು ಇನ್ನೊಬ್ಬರು. ತಂಗಿಯ ಓಲೆ ಮಾತ್ರ ಅಲುಗದೆ ನಿಂತಿತ್ತು. ಯಾಕೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಅಂಥ ದಿನ ಹಳೆಯ ಎಣಿಕೆಯ ಸೂತಕ ಕಳೆಯಲು ಬೀದಿಯವರೆಲ್ಲ ಕೈ ತೊಳೆಯಬೇಕು. ದೊಡ್ಡ ಹಂಡೆಗಳಲ್ಲಿ ನೀರು ಕಾಯಿಸುತ್ತಾರೆ, ಒಬ್ಬರ ಕೈಯನ್ನು ಪಕ್ಕದ ಮಣೆಯವರು ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುತ್ತಾರೆ, ಎಲ್ಲ ಮಸಿಯೂ ಹೋಗುವವರೆಗೆ ಬಿಡುವುದಿಲ್ಲ. ಹಂಡೆಯ ಕೆಳಗಿನ ಉರಿಗೆ ಬುಟ್ಟಿಗಳಲ್ಲಿ ಕೂಡಿಟ್ಟ ಕತ್ತರಿಸಿದ ಸಾಲುಗಳನ್ನು ಸುರಿಯುತ್ತಾರೆ. ಒಣ ಓಲೆ ಚೆನ್ನಾಗಿ ಹತ್ತಿಕೊಳ್ಳುತ್ತದೆ.

ಒಪ್ಪಗಾತಿಯ ಎಡಗೈ ಹಿಡಿದು ಪಕ್ಕದ ಮಣೆಯವಳು ಉಜ್ಜುತ್ತಿದ್ದಳು. ಒಪ್ಪಗಾತಿ ಸದಾ ಮಣೆಯಲ್ಲೇ ಇದ್ದು, ಹಿಂದಿನ ಸಲಗಳಲ್ಲೆಲ್ಲ ಕೆಲಸ ಬಾಕಿಯಿದೆ ಎಂದು ಬೆರಳು ಅದ್ದಿ ಎದ್ದುಬಿಡುತ್ತಿದ್ದವಳು. ಈ ಸಲ ಶಾಲು ಹೊದಿಸಿಕೊಂಡವಳು ಎಂದು ಎಲ್ಲರ ನಡುವೆ ಕೂರಿಸಿ ತೋಳಿನವರೆಗೂ ತೊಳೆಸುತ್ತಿದ್ದರು. ಮೊಣಕೈಯ ಹಿಂದೆ, ತನಗೇ ಕಾಣದ ಜಾಗದಲ್ಲಿ ನಾರು ಬಂದು ನಿಂತಿತು. ಇನ್ನೊಂದು ಸಲ ಉಜ್ಜಿತು.

"ಇದು ಹೋಗಲ್ಲ ಕಣೇ," ಎಂದಳು ಪಕ್ಕದ ಮಣೆಯವಳು. "ಮಸಿ ಅಲ್ಲ ಇದು. ಯಾವತ್ತೋ ಸುಟ್ಟಿದ್ದು. ಬೀಜದಷ್ಟು ದುಂಡಗಿದೆ ನೋಡು."

ಒಪ್ಪಗಾತಿ ಬಲಗೈ ತಿರುಗಿಸಿ ಬೆರಳಿನಿಂದ ಆ ಜಾಗ ಮುಟ್ಟಿದಳು. ಗಜ್ಜುಗ ಎಂಬ ಒಂದೇ ಮಾತು ತಲೆಗೆ ಬಂತು. ಅದೂ ಯಾಕೆ ನೆನಪಿತ್ತು ಎಂದರೆ, ಪಟ್ಟಿಯಲ್ಲಿ ಇಲ್ಲದ ಮಾತು ಎಂದು ತಾನೇ ವಾದ ಮಾಡಿದ್ದಳಲ್ಲ, ಅದಕ್ಕೆ. ಉಳಿದದ್ದು ಏನಿತ್ತು ಆ ಸಾಲುಗಳಲ್ಲಿ? ಏನೋ ಗುರುತು ಅಂದಿದ್ದಳು, ಬಾ ಅಂದಿದ್ದಳು, ಎಲ್ಲೋ ಕೂತಿರುತ್ತೇನೆ ಅಂದಿದ್ದಳು. ಎಲ್ಲಿ? ಮುದುಕಿ ಬಾಯಿಬಿಟ್ಟು ಓದಿ ಹೇಳಿದ್ದಳು, ಇವಳು ಎಣಿಸುತ್ತ ಕೂತಿದ್ದಳು. ಒದ್ದೆ ಕೈಯಲ್ಲೇ ಎದ್ದು ಓಡಿದಳು. ಅವಳ ಬುಟ್ಟಿ ಮಗುಚಿ ಬಿದ್ದಿತ್ತು. ಒಳಗೆ ಒಂದು ಚೂರೂ ಇರಲಿಲ್ಲ. ತನ್ನ ಕೈ ತೊಳೆದ ನೀರನ್ನು ಕಾಯಿಸಿದ್ದು ಯಾವ ಸಾಲುಗಳು ಎಂದು ಗೊತ್ತಾಗಿ ಅವಳು ಅಲ್ಲಿಂದ ನೇರ ಕಿಟಕಿಗೆ ಹೋದಳು.

ಕಿಟಕಿಯ ಮುಂದೆ ಸಾಲು ಉದ್ದ ಇತ್ತು. ಒಪ್ಪಗಾತಿ ಹುಟ್ಟಿದ ಮೇಲೆ ಒಂದು ಸಲವೂ ಆ ಸಾಲಿನಲ್ಲಿ ನಿಂತವಳಲ್ಲ. ಒಳಗೆ ಕಳಿಸುವವಳೇ ಹೊರತು ಕೇಳುವವಳಲ್ಲ. ತನ್ನ ಸರದಿ ಬಂದಾಗ ಗಜ್ಜುಗ ಎಂದಳು. ಪರದೆಯ ಹಿಂದೆ ಪುಟ್ಟ ಕಾಲುಗಳು ಓಲೆಗಳ ಮೇಲೆ ಪಟಪಟ ಓಡಾಡಿದವು. ಏನೂ ಬರಲಿಲ್ಲ. ಹೊಳೆಯ ಮೇಲ್ಗಡೆ ಊರಿನ ಮುದುಕಿ ಎಂದಳು. ಏನೂ ಬರಲಿಲ್ಲ. ಹಿಂದಿನವರು ಗೊಣಗತೊಡಗಿದರು. ಕೊನೆಗೆ, ಕಳೆದುಹೋದ ತಂಗಿ ಎಂದಳು.

ಕ್ಷಣದಲ್ಲಿ ಪರದೆಯಡಿಯಿಂದ ಓಲೆ ಜಾರಿ ಬಂತು. ಅವಳದೇ ಓಲೆ. ಸಾವಿರಾರು ಜನ ಮುಟ್ಟಿ ಅಂಚು ಕರಿಯಾಗಿ ಎಣ್ಣೆ ಮೆತ್ತಿದ ಹಾಗೆ ಆಗಿತ್ತು. ಅವಳು ಪರದೆಯನ್ನು ಒಂದು ಕಡೆಯಿಂದ ಎತ್ತಿಯೇಬಿಟ್ಟಳು. ಒಳಗೆ ಗಿಳಿ ಕಾಯುವವನು ಮುಕ್ಕಾಲಿ ಹಾಕಿಕೊಂಡು ಕಡಲೆ ಬಿಡಿಸುತ್ತಿದ್ದ. ಈ ಓಲೆಯಲ್ಲಿ ಗಿಳಿ ಏನು ಕಂಡಿತು, ಒಂಬತ್ತನ್ನು ಕಂಡಿತೇ, ತಲೆಬರಹವನ್ನು ಕಂಡಿತೇ ಎಂದು ಅವಳು ಒಂದೇ ಉಸಿರಿನಲ್ಲಿ ಕೇಳಿದಳು. ಅವನು ಅವಳನ್ನು ಪಾಪ ಎನ್ನುವ ಹಾಗೆ ನೋಡಿದ.

"ಗಿಳಿಗೆ ಓದೋಕೆ ಬರುತ್ತಾ ತಾಯಿ? ಕೇಳಿದ ಮಾತಿನ ಸಾಲಿಗೆ ನಾನು ಬಿಡ್ತೀನಿ, ಅಲ್ಲಿ ಜನ ಮುಟ್ಟಿ ಮುಟ್ಟಿ ಯಾವ ಓಲೆಗೆ ಕೈ ಜಿಡ್ಡು ಹತ್ತಿದೆಯೋ ಅದರ ವಾಸನೆಗೆ ಹೋಗುತ್ತೆ."

ಮೊದಲ ಸಲ ಹೇಗೆ, ಯಾರೂ ಮುಟ್ಟದ ಹೊಸ ಓಲೆಯನ್ನು ಯಾಕೆ ತರುತ್ತದೆ ಎಂದು ಅವಳು ಕೇಳಿದಳು. ಮೊದಲ ಸಲ ಕಾಲಿಗೆ ಯಾವುದು ಹತ್ತಿರ ಇರುತ್ತೋ ಅದು ಎಂದ. ಆಗಾಗ ಮನಸ್ಸು ಬದಲಾಗುವುದು? ಗುಡಿಸುವಾಗ ಓಲೆಗಳು ಆಚೀಚೆ ಆಗುತ್ತವೆ ಎಂದ. ಮೂರು ಸಾಲಿನ ಓಲೆಯಾದರೂ ತರುತ್ತಿತ್ತೇ ಎಂದು ಕೊನೆಗೆ ಕೇಳಿದಳು. ತಂದರೂ ತರಬಹುದಿತ್ತು, ಗೇಣುದ್ದದ್ದು ಕಚ್ಚುವುದಕ್ಕೂ ಸುಲಭ ಎಂದು ಹೇಳಿ ಅವನು ಕಡಲೆ ಬಿಡಿಸುವುದಕ್ಕೆ ತಿರುಗಿದ. ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ನೀವೇ ಮೊದಲು ಎಂದೂ ಸೇರಿಸಿದ.

ಒಪ್ಪಗಾತಿ ಸಾಲಿನಿಂದ ಹೊರಗೆ ಬಂದು, ಗೋಡೆಗೆ ಒರಗಿ, ಓಲೆಯನ್ನು ಬಿಡಿಸಿದಳು. ತಾನೇ ಒಪ್ಪ ಹಾಕಿದ್ದನ್ನು ಮೊದಲ ಸಲ ಓದಿದಳು. ಎಣಿಸದೆ, ಮೇಲಿನಿಂದ ಕೆಳಗೆ ಓದಿದಳು. ಕಳೆದುಹೋದ ತಂಗಿಯನ್ನು ಹುಡುಕುವ ಮೂರನೇ ದಾರಿ: ಕೊರಳ ಗಂಟೆಯ ಸದ್ದಿಗೆ ಕಿವಿಗೊಡಿ. ನಾಲ್ಕನೇ ದಾರಿ: ತಂಗಿ ಸಂಜೆಗೆ ತಾನಾಗಿಯೇ ಬರಬಹುದು, ಬಾಗಿಲು ತೆರೆದಿಡಿ. ಐದನೇ ದಾರಿ: ಹಸಿ ಹುಲ್ಲು ತೋರಿಸಿ ಕರೆಯಿರಿ. ಆರನೇ ದಾರಿ: ದೊಡ್ಡಿಯಲ್ಲಿ ವಿಚಾರಿಸಿ, ಬೇರೆ ಬೀಡಾಡಿಗಳ ಜೊತೆ ಕಟ್ಟಿಹಾಕಿರಬಹುದು. ಅವಳಿಗೆ ನಾಚಿಕೆಯಲ್ಲಿ ಮೈ ಉರಿಯಿತು. ಇದನ್ನು ಮೂರು ಸಾವಿರ ಜನ ಓದಿ ಒಬ್ಬರೂ ನಗಲಿಲ್ಲ ಅಂದರೆ, ಓದಿದವರು ಯಾರು ಹಾಗಾದರೆ? ಏಳನೇ ದಾರಿ: ಕೊನೆಯ ಸಲ ಕಂಡ ಜಾಗದಲ್ಲಿ ಹೋಗಿ ಕಾಯಿರಿ.

ಅಲ್ಲಿಗೆ ಅವಳ ಕಣ್ಣು ನಿಂತಿತು. ಕೊನೆಯ ಸಲ ಕಂಡ ಜಾಗ. ತಾನು ಅಳುತ್ತ ನಿಂತಿದ್ದುದಾಗಿ ಗುರು ಹೇಳುತ್ತಿದ್ದ ಜಾಗ. ಮುದುಕಿಯ ಮೂರನೇ ಸಾಲು ಈಗ ಪೂರ್ತಿ ನೆನಪಾಯಿತು: ನೀನು ಕೈ ಬಿಟ್ಟ ಮೆಟ್ಟಿಲ ಮೇಲೇ ದಿನಾ ಕೂತಿರ್ತೀನಿ. ಮುಂದಿನದನ್ನು ಓದದೆ ಅವಳು ಹೊಳೆಯ ಕಡೆ ಓಡಿದಳು. ಕೈ ತೊಳೆದು ಬೆಳ್ಳಗಾಗಿದ್ದ ಅವಳನ್ನು ದಾರಿಯಲ್ಲಿ ಯಾರೂ ಗುರುತಿಸಲಿಲ್ಲ.

ಮೆಟ್ಟಿಲುಗಳು ಬಿಸಿಲಿಗೆ ಕಾದಿದ್ದವು. ಕೂತವರು ಯಾರೂ ಇರಲಿಲ್ಲ. ಮೇಲಿನಿಂದ ಮೂರನೇ ಮೆಟ್ಟಿಲು ಮಾತ್ರ ಒಂದು ಕಡೆ ಸವೆದು ನುಣ್ಣಗಾಗಿತ್ತು. ಕೆಳಗೆ ಅಂಬಿಗ ದೋಣಿಯ ನೀರು ಚೆಲ್ಲುತ್ತಿದ್ದ. ಇಲ್ಲೊಬ್ಬ ಮುದುಕಿ ಕೂರುತ್ತಿದ್ದಳಲ್ಲ ಎಂದು ಒಪ್ಪಗಾತಿ ಅವನನ್ನು ನೇರವಾಗಿಯೇ ಕೇಳಿದಳು. ಊರಿನ ಹೆಂಗಸೊಬ್ಬಳು ಹೀಗೆ ಕೇಳಿದ್ದು ನೋಡಿ ಅವನು ಕೈಯಲ್ಲಿದ್ದ ಚೊಂಬು ಕೆಳಗಿಟ್ಟ.

ಇಪ್ಪತ್ತು ವರ್ಷ ಇದೇ ಮೆಟ್ಟಿಲ ಮೇಲೆ ಕೂತಿದ್ದಳು ಎಂದ. ಒಂದು ದಿನ ಕಿಟಕಿಯ ಎರಡು ಮೊಳದ ಓಲೆಯನ್ನು ನಕಲು ಮಾಡಿಕೊಂಡು ಬಂದಳು. ಇಷ್ಟು ಜನ ಓದಿದ್ದಾರೆ ಅಂದಮೇಲೆ ಸುಳ್ಳಿರಲಾರದು, ಬರೆದವಳೇ ಓದು ಅಂದಿದ್ದಾಳೆ ಎಂದು, ದಿನಕ್ಕೊಂದು ದಾರಿಯಂತೆ ಶುರು ಮಾಡಿದಳು. ಬಾಗಿಲು ತೆರೆದಿಟ್ಟು ಮಲಗಿದಳು, ಇದ್ದ ಎರಡು ಪಾತ್ರೆ ಹೋಯಿತು. ಹಸಿ ಹುಲ್ಲು ಹಿಡಿದುಕೊಂಡು ಬೀದಿಬೀದಿ ಕರೆದಳು, ಜನ ನಕ್ಕರು. ದೊಡ್ಡಿಗೆ ಹೋಗಿ ವಿಚಾರಿಸಿದಳು. ಅಲ್ಲಿಯ ಕಾವಲಿನವನು ಒಳಗೆ ಬಿಟ್ಟನಂತೆ, ಒಂದೊಂದು ದನದ ಮುಖವನ್ನೂ ನೋಡಿ ಬಂದಳಂತೆ. ಇದನ್ನು ಹೇಳುವಾಗ ಅಂಬಿಗ ಬೇರೆ ಕಡೆ ನೋಡುತ್ತಿದ್ದ. ಏಳನೆಯದು ಬಂದಾಗ, ಇದು ನಾನು ಮೊದಲಿನಿಂದ ಮಾಡುತ್ತಿರುವುದೇ, ಇದರಿಂದ ಆಗಲಿಲ್ಲವಲ್ಲ ಎಂದು ಅವಳೇ ಹೇಳಿಕೊಂಡು ಎದ್ದಳು.

ಒಪ್ಪಗಾತಿ ಮುದುಡಿದ್ದ ಓಲೆಯನ್ನು ಬಿಡಿಸಿ ಎಂಟನೆಯದನ್ನು ಓದಿದಳು. ಎಂಟನೇ ದಾರಿ: ಹೊಳೆ ದಾಟಿರಬಹುದು, ಆಚೆ ಊರುಗಳಲ್ಲಿ ಹುಡುಕಿ.

"ಮೊನ್ನೆ ನಾನೇ ದಾಟಿಸಿದೆ," ಎಂದ ಅಂಬಿಗ.

ಆಚೆ ಊರು ಯಾವುದು ಎಂದು ಓಲೆಯಲ್ಲಿ ಬರೆದಿರಲಿಲ್ಲ. ಹಸುವಿನ ಓಲೆಯಲ್ಲೂ ಇರಲಿಲ್ಲ. ಹೊಳೆಯ ಆಚೆಗೆ ಊರು ಎಷ್ಟಿವೆ ಎಂದು ಕೇಳಿದಳು. ಲೆಕ್ಕವಿಲ್ಲ ತಾಯಿ, ಕಾಲು ಊದಿದವಳು ನಿಧಾನ ಹೋಗುತ್ತಾಳೆ, ಒಂದೊಂದು ಊರಲ್ಲೂ ಕೇಳಿಕೊಂಡು ಹೋಗುತ್ತಾಳೆ, ಹನ್ನೆರಡೂ ಮುಗಿಸಿಯೇ ಬರುತ್ತೇನೆ ಅಂದಿದ್ದಾಳೆ ಎಂದ. ಒಪ್ಪಗಾತಿ ಒಂಬತ್ತರಿಂದ ಹನ್ನೆರಡರವರೆಗೆ ಓದಲಿಲ್ಲ. ಓಲೆಯನ್ನು ಮಡಿಸಿ ನೀರಿಗೆ ಬಿಟ್ಟಳು. ಅದು ಮುಳುಗದೆ ದೋಣಿಯ ಪಕ್ಕದಲ್ಲೇ ತೇಲುತ್ತ ನಿಂತಿತು.

ಅವಳು ಅಳಲಿಲ್ಲ. ಅಳುವುದೂ ಅವಳಿಗೆ ಒಂಬತ್ತರ ಲೆಕ್ಕದಲ್ಲೇ ಬರುತ್ತಿತ್ತು, ಅದು ಬೇಡವಾಯಿತು. ಆಚೆ ದಡಕ್ಕೆ ಹೋಗೋಣವೆಂದರೆ ಇವಳು ಒಂದು ಊರಿನಲ್ಲಿ, ಅವಳು ಇನ್ನೊಂದರಲ್ಲಿ, ಮತ್ತೆ ತಪ್ಪಿಸಿಕೊಳ್ಳುವುದೇ ಆಗುತ್ತದೆ. ಇಬ್ಬರಲ್ಲಿ ಒಬ್ಬರಾದರೂ ಕದಲದೆ ಕೂರಬೇಕು. ಇಪ್ಪತ್ತು ವರ್ಷ ಒಬ್ಬಳು ಕೂತಾಗಿದೆ.

ಅಂಬಿಗ ದೋಣಿ ಬಿಚ್ಚಿದ. ಆಚೆ ದಡದಲ್ಲಿ ಯಾರೋ ಕೈಬೀಸುತ್ತಿದ್ದರು. ಅವನು ಹೊರಡುವ ಮುಂಚೆ ಅವಳು ಎಡಗೈಯ ಸೆರಗು ಸರಿಸಿ ಮೊಣಕೈಯ ಹಿಂಭಾಗವನ್ನು ಅವನಿಗೆ ತೋರಿಸಿದಳು.

"ಆಚೆ ದಡದಲ್ಲಿ ನಮ್ಮಕ್ಕ ಸಿಕ್ಕರೆ ಹೇಳಿ, ಗಜ್ಜುಗದ ಗುರುತು ಇನ್ನೂ ಇದೆಯಂತೆ, ಪುಟ್ಟಿ ಮೆಟ್ಟಿಲ ಮೇಲೆ ಕೂತಿದ್ದಾಳಂತೆ ಅಂತ."

ಅಂಬಿಗ ಈ ಊರಿನವರ ಸುದ್ದಿ ಹೊತ್ತು ಹೊತ್ತು ಪಳಗಿದವನು. ಹುಟ್ಟು ಎತ್ತಿಕೊಂಡು, ಎಷ್ಟು ಸಲ ಹೇಳಬೇಕು ತಾಯಿ ಎಂದು ಕೇಳಿದ.

"ಒಂದೇ ಸಲ," ಎಂದಳು ಅವಳು, ಮೂರನೇ ಮೆಟ್ಟಿಲಿನ ಸವೆದ ಜಾಗದಲ್ಲಿ ಕೂರುತ್ತ. "ಅವಳಿಗೆ ಗೊತ್ತಾಗುತ್ತೆ."